ಬರೆ ಹಾಕಿದ ಮೇಲೆ ಮಂಡ್ಯಕ್ಕೆ ಹೋದದ್ದು

ನನ್ನ ಮೊಮ್ಮಗಳ ಎದೆಯ ಗಂಟು ಅವಳಿಗೆ ಏನೂ ಮಾಡಲಿಲ್ಲ. ಮಾಡಿದವಳು ನಾನು. ಮಂಡ್ಯದ ಆಸ್ಪತ್ರೆಗೆ ಹೋಗಿಬಂದು ತಿಳಿದದ್ದು ಇಷ್ಟೇ. ನಮ್ಮ ಕಡೆಯ ಹೆಂಗಸರಿಗೆ ಉಪಯೋಗವಾದರೆ ಆಗಲಿ ಅಂತ ಬರೆಯುತ್ತಿದ್ದೇನೆ.

ಸಾಕಮ್ಮನಿಗೆ ಹತ್ತೊಂಬತ್ತು. ಚೊಚ್ಚಲ ಹೆರಿಗೆಗೆ ಏಳನೇ ತಿಂಗಳಲ್ಲಿ ಬಂಡೂರಿಗೆ, ನಮ್ಮ ಮನೆಗೆ ಬಂದಳು. ಮದುವೆಗೆ ಮುಂಚೆಯೇ ಎಡಮೊಲೆಯಲ್ಲಿ ಹುಣಸೆಬೀಜದಷ್ಟು ಗಂಟಿತ್ತಂತೆ. ಬಸುರಿಯಾದ ಮೇಲೆ ನೆಲ್ಲಿಕಾಯಷ್ಟಾಗಿತ್ತು. ನೋವಿರಲಿಲ್ಲ. ಡಾಕ್ಟರುಗಳು ಕ್ಯಾನ್ಸರ್ ಅನ್ನುವ, ಕೊಲ್ಲುವ ಏಡಿಹುಣ್ಣು ಅದು ಅಂತ ಗಂಡನ ಮನೆಯಲ್ಲಿ ಗುಸುಗುಸು ಎದ್ದಿತ್ತು. ನಮ್ಮ ಕುರಿಗಳ ಕೆಚ್ಚಲು ಗಟ್ಟಿಯಾದರೆ ಬರೆ ಹಾಕುವವಳು ನಾನೇ. ಐದು ವರ್ಷದ ಹಿಂದೆ ಕೆಳಗಿನ ಬೀದಿಯ ಚಿಕ್ಕತಾಯಿಗೂ ಇಂಥದೇ ಗಂಟಿಗೆ ಬರೆ ಹಾಕಿದ್ದೆ. ಗಂಟು ಕರಗಿತು, ನನಗೆ ಹೆಸರು ಬಂತು. ಆ ಧೈರ್ಯದಲ್ಲಿ ಕುಡುಗೋಲು ಕಾಸಿ ಸಾಕಮ್ಮನಿಗೂ ಮೂರು ಬರೆ ಎಳೆದೆ. ಹದಿನೈದು ದಿನಕ್ಕೆ ಗಾಯ ಕೀವು ತುಂಬಿ ಊದಿಕೊಂಡಿತು, ಜ್ವರ ಏರಿತು.

ಸೋಮವಾರ ಕೋಳಿ ಕೂಗುವಾಗ ಗಾಡಿ ಕಟ್ಟಿಸಿ ಮಳವಳ್ಳಿಗೆ ಬಂದೆವು. ಯುದ್ಧದ ಕಾಲ. ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಮದ್ದೂರಿಗೆ ಹದಿನೈದು ಮೈಲಿ, ತಲೆಗೆ ಆರಾಣೆ. ಸಾಕಮ್ಮನ ಕುಪ್ಪಸದಿಂದ ಬರುವ ವಾಸನೆಗೆ ಪಕ್ಕದವಳು ಸೆರಗು ಮೂಗಿಗೆ ಹಿಡಿದು ಎದ್ದುಹೋದಳು. ಸೀಟು ಅಗಲವಾಯಿತಲ್ಲ ಅಂತ ಇವಳನ್ನು ಅಲ್ಲೇ ಮಲಗಿಸಿದೆ. ಒಂದು ದಿಣ್ಣೆ ಹತ್ತಲಾರದೆ ಬಸ್ಸು ನಿಂತಿತು. ಎಲ್ಲರೂ ಇಳಿದು ತಳ್ಳಿ ಅಂದ ಕಂಡಕ್ಟರು.

“ಕಾಸು ಕೊಟ್ಟಿರೋಳು ನಾನು. ಗಾಡಿ ಎಳ್ಯೋ ಎತ್ತಲ್ಲ ಕಣ್ಲಾ,” ಅಂದೆ.

ಮಲಗಿದ್ದ ಬಸುರಿಯನ್ನು ನೋಡಿ ಅವನು ನಮ್ಮಿಬ್ಬರನ್ನು ಬಿಟ್ಟು ಉಳಿದವರನ್ನು ಇಳಿಸಿದ.

ಮದ್ದೂರಿನಲ್ಲಿ ರೈಲಿಗೆ ಎರಡು ಗಂಟೆ ಕಾದೆವು. ಬಿಸಿಲು ಸುಡುತ್ತಿತ್ತು. ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿ ತಂದಿದ್ದೆ. ಸಾಕಮ್ಮ ಬರೀ ನೀರು ಕುಡಿದಳು.

“ಮಗೀಗೆ ಹಾಲು ಇರ್ತದಾ ಅಜ್ಜಿ?” ಅಂತ ಕೇಳಿದಳು. ತಾನು ಉಳಿಯುತ್ತೇನಾ ಅಂತ ಕೇಳಲಿಲ್ಲ.

“ರೈಲು ಬತ್ತಾ ಅದೆ, ಏಳು,” ಅಂದೆ.

ಮಂಡ್ಯದ ಆಸ್ಪತ್ರೆಯಲ್ಲಿ ಇದ್ದದ್ದು ಒಬ್ಬರು ಡಾಕ್ಟರಮ್ಮ. ತೋಳು ಎತ್ತಿಸಿ ಕಂಕುಳು ತಡವಿದರು, ಗಂಟನ್ನು ಬೆರಳಲ್ಲಿ ಆಡಿಸಿ ನೋಡಿದರು. ಬರೆ ಯಾರು ಹಾಕಿದ್ದು ಅಂತ ಕೇಳಿದರು. ನಾನು ಅಂದೆ. ಆಮೇಲೆ ಅವರು ನನ್ನ ಮುಖ ನೋಡಲಿಲ್ಲ. ಆವತ್ತೇ ಕೊಯ್ದು ಒಂದು ಬಟ್ಟಲು ಕೀವು ತೆಗೆದರು. ಗಂಟಿನ ಒಂದು ಚೂರನ್ನು ಪರೀಕ್ಷೆಗೆ ಮೈಸೂರಿಗೆ ಕಳಿಸಿದರು. ಹನ್ನೆರಡು ದಿನ ನಾನು ವರಾಂಡದಲ್ಲಿ ಚಾಪೆ ಹಾಸಿಕೊಂಡಿದ್ದೆ. ಗಾಳಿ ತಿರುಗಿದರೆ ಸಕ್ಕರೆ ಕಾರ್ಖಾನೆಯ ವಾಸನೆ ಬರುತ್ತಿತ್ತು. ಆಸ್ಪತ್ರೆಯ ಗಂಜಿ ಅವಳಿಗೆ ನಾಲ್ಕನೇ ದಿನದಿಂದ ಸೇರಿತು.

ಹನ್ನೊಂದನೇ ದಿನ ಮೈಸೂರಿನ ಉತ್ತರ ಬಂತು. ಏಡಿಹುಣ್ಣಲ್ಲ. ಎಳೆ ವಯಸ್ಸಿನ ಎಷ್ಟೋ ಹೆಂಗಸರಿಗೆ ಇಂಥ ಗಂಟು ಬರುತ್ತದಂತೆ. ಯಾರ ಕಣ್ಣು ತಗುಲಿದ್ದೂ ಅಲ್ಲ. ಎದೆಯಲ್ಲಿ ಹಾಲು ಕೂಡಿಸುವ ಬಸುರಿನ ಕಸುವೇ ಗಂಟನ್ನೂ ದಪ್ಪ ಮಾಡುತ್ತದಂತೆ. ಕೆಲವು ಹಾಗೇ ಇರುತ್ತವೆ, ಕೆಲವು ತಾನಾಗಿ ಕರಗುತ್ತವೆ. ಒಳ್ಳೆಯದೋ ಕೆಟ್ಟದ್ದೋ ಕೈಯಲ್ಲಿ ಮುಟ್ಟಿ ಹೇಳಲಾಗದು, ಗಂಟು ಕಂಡರೆ ಆಸ್ಪತ್ರೆಗೆ ಬಂದು ತೋರಿಸಬೇಕು ಅಂದರು ಡಾಕ್ಟರಮ್ಮ. ಕುರಿಗಳಿಗೆ ನನ್ನ ಬರೆಯಿಂದ ವಾಸಿಯಾಗಿದೆ ಅಂತ ನಾನು ಬಾಯಿಬಿಟ್ಟೆ.

“ವಾಸಿಯಾದ ಮೇಲೆ ಆ ಕಡೆ ಹಾಲು ಬರುತ್ತಿತ್ತಾ ಅಜ್ಜಿ?” ಅಂತ ಕೇಳಿದರು.

ನನಗೆ ಗೊತ್ತಿರಲಿಲ್ಲ. ಅಂಥ ಕುರಿಗಳನ್ನು ಮುಂದಿನ ಸಂತೆಗೇ ಹೊಡೆದುಕೊಂಡು ಹೋಗಿ ಮಾರಿಬಿಡುತ್ತಿದ್ದೆವು.

ಸಾಕಮ್ಮನ ಎಡಗಡೆ ಒಳಗೆಲ್ಲ ಕೊಳೆತುಹೋಗಿದೆ, ಹಾಲು ಬರುವುದು ಕಷ್ಟ, ಮಗುವನ್ನು ಬಲಗಡೆ ಒಂದರಲ್ಲೇ ಸಾಕಬೇಕು ಅಂದರು. ಗಂಟನ್ನು ಅಲ್ಲೇ ಬಿಟ್ಟರು. ಅದು ಈಗಲೂ ಇದೆ.

ವಾಪಸು ಬರುವಾಗ, ಮಳವಳ್ಳಿಯಲ್ಲಿ ಬಸ್ಸು ಇಳಿದ ಮೇಲೆ ಸಾಕಮ್ಮ ಒಂದು ಮಾತು ಆಡಿದಳು.

“ನಾನು ಬ್ಯಾಡ ಅಂದಿದ್ದೆ ಕಣಜ್ಜಿ.”

ಹೌದು, ಅಂದಿದ್ದಳು. ಅವಳ ಕೈಕಾಲು ಅದುಮಿ ಹಿಡಿಯಲು ಅವಳ ತಾಯಿಯನ್ನೇ ಕೂರಿಸಿದ್ದೆ.

ಮಾರನೆಯ ಬೆಳಿಗ್ಗೆ ಮುಖಕ್ಕೆ ನೀರು ಹಾಕಿಕೊಂಡು ಕೆಳಗಿನ ಬೀದಿಗೆ ಹೋದೆ. ಚಿಕ್ಕತಾಯಿ ಕೊಟ್ಟಿಗೆ ಗುಡಿಸುತ್ತಿದ್ದಳು. ಐದು ವರ್ಷದಿಂದ ನನ್ನನ್ನು ಕಂಡಲ್ಲಿ ಕಾಲು ಮುಟ್ಟುವವಳು, ಆಗಲೂ ಬಗ್ಗಿದಳು. ನಾನು ಹಿಂದಕ್ಕೆ ಸರಿದು, ಡಾಕ್ಟರಮ್ಮ ಕೇಳಿದ್ದನ್ನೇ ಕೇಳಿದೆ. ಬರೆ ಹಾಕಿದ ಮೇಲೆ ಹುಟ್ಟಿದ ಎರಡು ಮಕ್ಕಳಿಗೂ ಆ ಕಡೆ ಹಾಲು ಕುಡಿಸಿದೆಯಾ?

“ಆ ಕಡೇದು ಅವತ್ತೇ ಓಯ್ತು,” ಅಂದಳು. “ಜೀವ ಉಳಿಸಿದೋಳ್ಗೆ ಅದ್ನೇನು ಯೋಳೋದು ಅಂತ ಸುಮ್ಕಿದ್ದೆ.”

“ನಾನು ಉಳಿಸ್ನಿಲ್ಲ. ಗಂಟು ತಾನೇ ಕರಗಿರ್ಬೇಕು. ನಾನು ಸುಟ್ಟಿದ್ದು ನಿನ್ನ ಹಾಲ್ನ,” ಅಂದೆ.

ಅವಳು ಪೊರಕೆ ಹಿಡಿದು ನಿಂತೇ ಇದ್ದಳು. ಅವಳ ಕೈಯಿಂದ ಅದನ್ನು ಇಸಿದುಕೊಂಡು ಉಳಿದ ಅರ್ಧ ಕೊಟ್ಟಿಗೆಯನ್ನು ನಾನು ಗುಡಿಸಿದೆ.