ಐಲರಾನಿಗೆ ಕಟ್ಟಿದ ನಿಂಬೆಹಣ್ಣು

ಪರಶುರಾಂಪುರದ ನಮ್ಮ ಹೊಲದ ಈರುಳ್ಳಿ ಶೆಡ್ಡಿನಲ್ಲಿ ಅರ್ಧ ಜಾಗ ನನ್ನ ವಿಮಾನದ್ದು. ಒಬ್ಬರೇ ಕೂರಬಹುದಾದ, ನಾನೇ ಕಟ್ಟುತ್ತಿರುವ ಪುಟ್ಟ ವಿಮಾನ. ಹೋದ ವರ್ಷ ಅದರ ಐಲರಾನ್‌ಗಳನ್ನು, ಅಂದರೆ ವಿಮಾನ ಪಕ್ಕಕ್ಕೆ ವಾಲಲೆಂದು ರೆಕ್ಕೆಯ ಹಿಂಬದಿಯಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿಗಳನ್ನು, ಸ್ವಲ್ಪ ಅಗಲ ಮಾಡಿದೆ. ಅಗಲವಾದರೆ ಹಿಂದೆ ಭಾರ ಹೆಚ್ಚುತ್ತದೆ, ಹಾರುವಾಗ ಪಟಪಟ ಅದುರುತ್ತದೆ. ಅದಕ್ಕೇ ಕೀಲಿನ ಮುಂದುಗಡೆ ಸೀಸದ ತುಂಡು ಕೂರಿಸಿ, ಪಟ್ಟಿ ತಕ್ಕಡಿಯಂತೆ ಸಮ ನಿಲ್ಲುವವರೆಗೆ ಹೆಣಗಿ, ಖುಷಿಯಿಂದ ಮಲಗಿದೆ.

ಬೆಳಿಗ್ಗೆ ನೋಡಿದರೆ ಎಡಗಡೆಯದು ಜೋತುಬಿದ್ದಿತ್ತು. ಮೈಯೆಲ್ಲ ಉರಿದುಹೋಯಿತು. ನನ್ನ ಲೆಕ್ಕವನ್ನೂ ಸೀಸ ಕೊಟ್ಟ ಚಳ್ಳಕೆರೆಯ ಗುಜರಿ ಅಂಗಡಿಯವನನ್ನೂ ಬೈಯುತ್ತ, ಸ್ಟೂಲು ಹತ್ತಿ ಮೇಲಿನಿಂದಲೇ ಇನ್ನಷ್ಟು ಸೀಸ ಸೇರಿಸಿದೆ. ಮಧ್ಯಾಹ್ನದ ಹೊತ್ತಿಗೆ ಮತ್ತೆ ಸಮವಾಯಿತು. ಬೀಗುತ್ತ ಕೆಳಗಿಳಿದು ತಲೆ ಎತ್ತಿದೆ. ರೆಕ್ಕೆಯ ಅಡಿಯಲ್ಲಿ, ಐಲರಾನಿನ ಹಿಂದಂಚಿಗೆ, ಒಂದು ನಿಂಬೆಹಣ್ಣು, ನಾಲ್ಕು ಹಸಿಮೆಣಸಿನಕಾಯಿ ನೇತಾಡುತ್ತಿದ್ದವು.

"ಅವ್ವಾ!" ಎಂದು ಕಿರುಚಿದೆ.

ಅವ್ವ ಬಾಗಿಲಿಗೆ ಬಂದಳು. "ಯಾಕ್ ಹಂಗ್ ಕೂಗ್ತೀಯಾ? ಇವತ್ತು ಅಮಾಸೆ ಅಲ್ಲೇನು? ಟ್ರ್ಯಾಕ್ಟ್ರಿಗೆ ಕಟ್ಟಿದೆ, ಬೈಕಿಗೆ ಕಟ್ಟಿದೆ, ಇದಕ್ಕೂ ಕಟ್ಟಿದೆ."

ಆ ನಿಂಬೆಹಣ್ಣಿನ ಭಾರ ಸರಿದೂಗಿಸಲು ನನ್ನ ಅರ್ಧ ದಿನ ಹಾಳಾಯಿತೆಂದೂ, ಈಗ ಬಿಚ್ಚಿದರೆ ಪಟ್ಟಿ ಇನ್ನೊಂದು ಕಡೆಗೆ ವಾಲುತ್ತದೆಂದೂ ಹಲ್ಲು ಕಡಿಯುತ್ತ ವಿವರಿಸಿದೆ.

ಅವ್ವ ಪೂರ್ತಿ ಕೇಳಿಸಿಕೊಂಡಳು.

"ಹಂಗಾರೆ ಬಿಚ್ಚಬ್ಯಾಡ ಬಿಡು," ಎಂದಳು. "ಮುಂದಿನ ಅಮಾಸೆಗೂ ಇಷ್ಟೇ ದಪ್ಪದ್ದು ನೋಡಿ ಕಟ್ತೀನಿ."