ಅಣ್ಣನಿಗಾಗಿ ಕಟ್ಟಿದ ಆಟ

ತಲೆಯಲ್ಲಿ ಬಿಳಿಕೂದಲು ಇಣುಕಿದ ಮೇಲೂ ಅವಳು ಮನೆಯವರಿಗೆಲ್ಲ ಪುಟ್ಟಿಯೇ. ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಿದ್ದವಳು, ಅಣ್ಣನಿಗೆ ಲಕ್ವ ಹೊಡೆದ ವರ್ಷ ಕೆಲಸ ಬಿಟ್ಟಳು. ಅಣ್ಣ ಮನೆಗಳಿಗೆ ಬಣ್ಣ ಬಳಿಯುವವನು. ಅಪ್ಪ ಬೇಗ ಹೋದ ಮೇಲೆ ಅವಳನ್ನು ಓದಿಸಿದ್ದು ಅವನ ಬಲಗೈಯೇ. ಈಗ ಆ ಕೈ ಬೇರೆ ಯಾರದೋ ವಸ್ತುವಿನಂತೆ ಅವನ ತೊಡೆಯ ಮೇಲೆ ಬಿದ್ದಿರುತ್ತಿತ್ತು.

ಆಸ್ಪತ್ರೆಯ ಫಿಸಿಯೋ ಮೇಡಂ ಹೇಳಿಕೊಟ್ಟ ವ್ಯಾಯಾಮ ಅವನಿಗೆ ಬಹುಬೇಗ ಬೇಸರವಾಯಿತು.

"ಸುಮ್ಮನೆ ಕೈ ಎತ್ತು, ಇಳಿಸು ಅಂದ್ರೆ ಯಾರಿಗೆ ಮನಸ್ಸು ಬರುತ್ತೆ?" ಅಂದ.

ಆಟವಾದರೆ ಆಡುತ್ತಾರೆ, ಆದರೆ ಒಬ್ಬೊಬ್ಬ ರೋಗಿಗೂ ಬೇರೆ ಬೇರೆ ಆಟ ಬೇಕು, ಮಾಡಿಕೊಡುವವರು ಯಾರು ಎಂದರು ಮೇಡಂ. ಆ ಮಾತು ಪುಟ್ಟಿಯ ತಲೆ ಹೊಕ್ಕಿತು. ಪ್ರೋಗ್ರಾಮಿಂಗ್‌ನ ಗಂಧಗಾಳಿ ಇಲ್ಲದವರೂ ಮನೆಯಲ್ಲೇ ಕೂತು ಆಟ ಮಾಡಿಕೊಳ್ಳುವಂಥದ್ದೊಂದನ್ನು ಕಟ್ಟಲು ಹೊರಟಳು. ತೆರೆಯ ಮೇಲೆ ಬಣ್ಣದ ತುಂಡುಗಳು, ಪ್ರತಿಯೊಂದರ ಮೇಲೂ ಒಂದೊಂದು ಆಜ್ಞೆ. ಒಂದಕ್ಕೊಂದು ಸಿಕ್ಕಿಸಿದರೆ ಆಟ ಸಿದ್ಧ. ಆಡುವವನ ಕೈಯನ್ನು ಲ್ಯಾಪ್‌ಟಾಪಿನ ಕ್ಯಾಮೆರಾ ಗಮನಿಸುತ್ತಿರುತ್ತದೆ.

ಮೊದಲು ಪರೀಕ್ಷೆಗೆ ಕೂತವಳು ಅತ್ತಿಗೆ. ಫೋನ್ ಬಂದರೆ ಎತ್ತಿ ಮಾತಾಡುವುದು ಬಿಟ್ಟು ಬೇರೇನೂ ಬಾರದವಳು.

"ಲೂಪ್ ಅಂದ್ರೆ ಏನೇ?"

"ಅದೇ ಕೆಲಸ ಮತ್ತೆ ಮತ್ತೆ ಮಾಡೋದು, ಅತ್ತಿಗೆ."

"ಹಾಗಾದ್ರೆ 'ಮತ್ತೆ ಮಾಡು' ಅಂತ ಬರಿ. ಇದೇನು, ಸೊನ್ನೆಯಿಂದ ಎಣಿಸುತ್ತೆ? ಇದನ್ನ ತರಕಾರಿ ತರೋಕೆ ಕಳಿಸಿದ್ರೆ ಮನೆ ಮುಳುಗಿತು ಅಂತಲೇ ಲೆಕ್ಕ."

ಅಣ್ಣ ಅರ್ಧ ಬಾಯಿಯಲ್ಲಿ ನಕ್ಕ. ಕಾಯಿಲೆ ಬಿದ್ದ ಮೇಲೆ ಅವನು ನಕ್ಕಿದ್ದು ಅದೇ ಮೊದಲು.

ಪುಟ್ಟಿ ತುಂಡುಗಳ ಮೇಲಿನ ಮಾತುಗಳನ್ನೆಲ್ಲ ಬದಲಿಸಿದಳು: 'ಕೈ ಗೆರೆ ಮುಟ್ಟಿದರೆ', 'ಗೋಡೆಗೆ ಬಣ್ಣ ಬಳಿ', 'ಮತ್ತೆ ಮಾಡು'. ತೆರೆಯ ಮೇಲಿನ ಆ ಗೆರೆ ಎಷ್ಟು ಎತ್ತರದಲ್ಲಿರಬೇಕೋ ಅಲ್ಲಿಗೆ ಎಳೆದು ಇಟ್ಟರಾಯಿತು. ಅತ್ತಿಗೆ ತಾನೇ ಜೋಡಿಸಿದ ಆಟದಲ್ಲಿ ಒಂದು ಬೋಳು ಗೋಡೆಯಿತ್ತು. ಅಣ್ಣನ ಕೈ ಗೆರೆಯ ತನಕ ಎದ್ದರೆ ಗೋಡೆಗೆ ಒಂದು ಪಟ್ಟಿ ಬಣ್ಣ.

ಶುರುವಿನಲ್ಲಿ ಕೈ ನಿಜಕ್ಕೂ ಚೂರು ಚೂರು ಎದ್ದಿತು. ಆಮೇಲೆ ಪುಟ್ಟಿ ಅಣ್ಣನ ಮನೆಗೆ ಯಾವಾಗ ಬಂದರೂ ಗೋಡೆ ತುಂಬಿರುತ್ತಿತ್ತು. "ಇನ್ನೇನು, ಕೆಲಸಕ್ಕೆ ಹೊರಟೆ ಅಂದ್ಕೋ," ಎನ್ನುತ್ತಿದ್ದ ಅಣ್ಣ.

ಒಂದು ಬೆಳಿಗ್ಗೆ ಅವನು ಯಾರಿಗೂ ಹೇಳದೆ, ಹಳೆಯ ಜೊತೆಗಾರರು ಬಣ್ಣ ಬಳಿಯುತ್ತಿದ್ದ ಮನೆಗೆ ಕಾಲೆಳೆದುಕೊಂಡು ಹೋದ. ಬ್ರಷ್ ಕೇಳಿ ಇಸಿದುಕೊಂಡ. ಕೈ ಸೊಂಟದ ಮಟ್ಟಕ್ಕೂ ಏಳಲಿಲ್ಲ. ಬ್ರಷ್ ಜಾರಿ ನೆಲಕ್ಕೆ ಬಿತ್ತು. ಜೊತೆಗಾರರು ಅವನನ್ನು ಮನೆಗೆ ತಂದುಬಿಟ್ಟರು.

ಸುದ್ದಿ ತಿಳಿದು ಓಡಿಬಂದ ಪುಟ್ಟಿ ಆಟ ತೆರೆದು ನೋಡಿದಳು. ಗೆರೆ ತೆರೆಯ ತಳದಲ್ಲಿತ್ತು.

"ಅದನ್ನ ಇಳಿಸಿದ್ದು ಯಾರು?" ಮಂಚದಿಂದಲೇ ಕೇಳಿದ ಅಣ್ಣ.

"ನಾನೇ ಅಣ್ಣ. ಎಲ್ಲೋ ಕೈತಪ್ಪಿ ಒತ್ತಿದ್ದೀನಿ."

"ನನ್ನ ಸಲುವಾಗಿ ಸುಳ್ಳು ಹೇಳಬೇಡ ಪುಟ್ಟಿ," ಎಂದಳು ಬಾಗಿಲಲ್ಲಿ ನಿಂತಿದ್ದ ಅತ್ತಿಗೆ. "ನಾನು ಕಣ್ರೀ ಇಳಿಸಿದ್ದು, ನಿಮಗೆ ಗೊತ್ತಾಗದ ಹಾಗೆ ದಿನಕ್ಕಿಷ್ಟಿಷ್ಟೇ. ಕೈ ಏಳದ ದಿನ ನೀವು ಊಟ ಬಿಡ್ತಿದ್ರಿ. ನೋಡೋಕಾಗ್ತಿರಲಿಲ್ಲ."

ಅಣ್ಣ ಮಗ್ಗುಲು ಬದಲಿಸಿ ಮಲಗಿದ.

ಅಡುಗೆಮನೆಯಲ್ಲಿ ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. "ನೀನು ಗೆರೆ ಇಳಿಸೋದನ್ನ ಅಷ್ಟು ಸುಲಭ ಮಾಡಬಾರದಿತ್ತು ಕಣೆ," ಎಂದಳು. ಪುಟ್ಟಿ ಅತ್ತಿಗೆಯ ಬೆನ್ನ ಮೇಲೆ ಕೈಯಿಟ್ಟು ನಿಂತಳು.

ಕೈ ಇನ್ನು ಇದಕ್ಕಿಂತ ಮೇಲೇಳುವುದು ಕಷ್ಟ ಎಂದು ಫಿಸಿಯೋ ಮೇಡಂ ಮೆಲ್ಲಗೆ ಹೇಳಿದರು. ಗೆರೆ ಇಳಿಸುವುದು ತಪ್ಪಲ್ಲ, ರೋಗಿಗೆ ಹೇಳಿ ಇಳಿಸಬೇಕು ಅಷ್ಟೇ ಎಂದರು. ಪುಟ್ಟಿ ಹೊಸದೊಂದು ತುಂಡು ಸೇರಿಸಿದಳು: ಗೆರೆ ಇಳಿಸುವ ಮುನ್ನ ತೆರೆ ಆಡುವವನನ್ನೇ ಕೇಳುತ್ತದೆ, ಅವನು ಹೂಂ ಎಂದರೆ ಮಾತ್ರ ಇಳಿಯುತ್ತದೆ. ಆಸ್ಪತ್ರೆಯಲ್ಲಿ ಎಷ್ಟೋ ರೋಗಿಗಳ ಮನೆಯವರು ಅದರಲ್ಲಿ ಆಟ ಕಟ್ಟಿಕೊಂಡರು. ಕೆಲವರ ಕೈಕಾಲು ಸುಧಾರಿಸಿದವು ಕೂಡ.

ಪುಟ್ಟಿ ಅದನ್ನು ಅಣ್ಣನಿಗೂ ತೋರಿಸಿದಳು. ಅವನು ಎಡಗೈಯಿಂದ ಲ್ಯಾಪ್‌ಟಾಪನ್ನು ಅವಳತ್ತ ತಳ್ಳಿದ.

"ಚೆನ್ನಾಗಿದೆ ಪುಟ್ಟಿ. ಬೇರೆಯವರಿಗೆ ಕೊಡು. ಇನ್ನೂ ಇಳಿಸಲಾ ಅಂತ ನನ್ನನ್ನ ಯಾರೂ ಕೇಳೋದು ಬೇಡ."

ಅತ್ತಿಗೆ ಅವನ ಅಂಗಿಯ ಕೊರಳ ಗುಂಡಿ ಹಾಕಲು ಬಂದಳು. ಅವಳ ಮುಖ ನೋಡದೆ ಅವನು ಗದ್ದ ಎತ್ತಿ ಕೊಟ್ಟ.