ಕೆರಾಡಿಯಲ್ಲಿ ಪಂಪು ತೋರಿಸಿದ್ದು

ನಮ್ಮ ಸೇವಾ ಸಂಘಕ್ಕೂ ಪಂಪಿನ ಕಂಪನಿಗೂ ಆದ ಮಾತು ಸರಳ: ಜನ ಸೇರಿಸುವುದು ನಾವು, ಯಂತ್ರ ತೋರಿಸುವುದು ಅವರು. ರೈತರು ಒಟ್ಟಾಗಿ ಒಂದು ಡೀಸೆಲ್ ಪಂಪು ಕೊಂಡರೆ ಕೆರಾಡಿಯಲ್ಲಿ ಬೇಸಗೆಗೂ ಭತ್ತ ಬೆಳೆಯಬಹುದಿತ್ತು.

ಕಂಪನಿ ಕಳಿಸಿದ ಯುವಕ ಆ ಸೆಕೆಯಲ್ಲೂ ಟೈ ಕಟ್ಟಿ ಬಂದಿದ್ದ. ಅಲ್ಲಿನ ರೈತ ಶೀನ ಶೆಟ್ರ ಪುಟ್ಟ ಕೆರೆಗೆ ಪೈಪು ಇಳಿಸಿ, ನೀರನ್ನು ಗದ್ದೆಗೆ ಬಿಟ್ಟು, ಭಾಷಣ ಶುರುಮಾಡಿದ. ಜನ ಆಕಳಿಸಿದರು. ಶೆಟ್ರು ಕವಳ ಜಗಿಯುತ್ತಾ, "ನೀರ್ ಎತ್ತುಕೆ ನಮ್ಗ್ ಏತ ಇತ್ತಲ್ದಾ, ಇದೆಂತಕೆ?" ಅಂದರು. ಪಂಪು ಇಲ್ಲಿ ಖರ್ಚಾಗುವುದಿಲ್ಲ ಎಂದು ನನಗೆ ಅಲ್ಲೇ ಅನಿಸಿತು.

ಮಧ್ಯಾಹ್ನದ ಹೊತ್ತಿಗೆ ಕೆರೆಯ ತಳ ಕಂಡಿತು. ಕೆಸರಿನಲ್ಲಿ ಏನೋ ಪಟಪಟ ಬಡಿಯಿತು. "ಹ್ವಾಯ್, ಮುಗುಡು ಮೀನ್!" ಎಂದು ಶೆಟ್ರ ಹೆಂಡತಿ ಕೂಗಿದ್ದೇ ತಡ, ಸಭೆಗೆ ಸಭೆಯೇ ಕೆರೆಗಿಳಿಯಿತು. ಯುವಕ ಗಾಬರಿಬಿದ್ದು ಪಂಪು ನಿಲ್ಲಿಸಲು ಓಡಿದ. ಸೊಂಟದವರೆಗೆ ಕೆಸರಾಗಿದ್ದ ಶೆಟ್ರು ಕೆಳಗಿನಿಂದಲೇ ಗದರಿದರು: "ನಿಲ್ಸ್‌ಬೇಡಿ ಮಾರಾಯ್ರೆ! ಇಂಥ ಒಳ್ಳೆ ಮಿಶನ್ ನಾ ಕಂಡದ್ದೇ ಇಲ್ಲ!"

ಅದು ಒರತೆಯ ಕೆರೆ, ಬೆಳಗಾಗುವಷ್ಟರಲ್ಲಿ ಮತ್ತೆ ತುಂಬಿತು. ಅಷ್ಟರೊಳಗೆ ಮೀನಿನ ಸಾರು ಉಂಡ ಮನೆಯವರೆಲ್ಲ ಸೇರಿ ಪಂಪು ಕೊಳ್ಳುವುದೆಂದು ಒಪ್ಪಿಯಾಗಿತ್ತು.

ಮುಂದಿನ ವಾರ ಪಂಪು ತೋರಿಸಲು ಕಿರಿಮಂಜೇಶ್ವರದ ಬಸ್ಸು ಹತ್ತುವಾಗ ಯುವಕ ಟೈ ಬಿಚ್ಚಿ ಜೇಬಿಗೆ ತುರುಕಿ, "ಅಲ್ಲಿ ಮೀನಿರುವ ಕೆರೆ ನೋಡಿಟ್ಟಿದ್ದೀರಾ?" ಎಂದು ನನ್ನನ್ನು ಕೇಳಿದ.

"ಅದು ಕಡಲ ಬದಿಯ ಊರು ಮಾರಾಯ್ರೆ. ಅವರಿಗೆ ಮೀನು ತೋರಿಸಬೇಕಾದ್ರೆ ಕಡಲನ್ನೇ ಬತ್ತಿಸಬೇಕು. ಅಂಥ ಪಂಪು ನಿಮ್ಮಲ್ಲಿ ಉಂಟಾ?"

ಮಾರುವವರ ಬಾಯಲ್ಲಿ 'ಇಲ್ಲ' ಬರುವುದಿಲ್ಲ. "ಕಂಪನಿಗೆ ಕೇಳಿ ಹೇಳ್ತೇನೆ" ಅಂದ.